ಐದು ಬಾಟಲಿ ನೀರು

ನಮ್ಮ ಜಿಲ್ಲೆಯಲ್ಲಿ ದಿನಾ ಬೆಳಗ್ಗೆ ಆರು ಗಂಟೆಗೆ ಇಪ್ಪತ್ತಾರು ಜನ ಒಂದೇ ನಂಬರಿಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ಮೊದಲೇ ಧ್ವನಿಮುದ್ರಿಸಿಟ್ಟ ಒಂದು ಹೆಂಗಸಿನ ದನಿ ಆ ದಿನದ ಬಣ್ಣ ಹೇಳುತ್ತದೆ. ಹಸಿರೋ, ಕಂದೋ, ನೀಲಿಯೋ. ಅದು ನಿಮಗೆ ಕೊಟ್ಟ ಬಣ್ಣವಲ್ಲದಿದ್ದರೆ ಹಲ್ಲುಜ್ಜಿಕೊಂಡು ಕೆಲಸಕ್ಕೆ ಹೋಗಬಹುದು. ನಿಮ್ಮದೇ ಆದರೆ ಹತ್ತು ಗಂಟೆಯೊಳಗೆ ಕೋರ್ಟಿನ ನೆಲಮಾಳಿಗೆಗೆ ಹೋಗಿ, ಒಬ್ಬರ ಕಣ್ಣೆದುರಿಗೆ ಪ್ಲಾಸ್ಟಿಕ್ ಲೋಟದಲ್ಲಿ ಮೂತ್ರ ಕೊಡಬೇಕು. ಹೋಗದಿದ್ದರೆ ತಪ್ಪು. ಹೋಗಿಯೂ ಕೊಡಲಾಗದಿದ್ದರೆ ತಪ್ಪು. ಕೊಟ್ಟಿದ್ದು ನೀರಿನ ಹಾಗೆ ತೆಳ್ಳಗಿದ್ದರೆ ಅದೂ ತಪ್ಪೇ. ಹಿಂದಿನ ದಿನ ಮಾಲು, ಅಂದರೆ ಡ್ರಗ್ಸ್, ತೆಗೆದುಕೊಂಡವರು ಅದು ಪತ್ತೆಯಾಗದಿರಲೆಂದು ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಬರುತ್ತಾರೆ ಅನ್ನುವುದು ಕೋರ್ಟಿಗೆ ಚೆನ್ನಾಗಿ ಗೊತ್ತು. ಮೂರಕ್ಕೂ ಶಿಕ್ಷೆ ಒಂದೇ: ಮೂರು ದಿನ ಜೈಲು.

ಇದು ಡ್ರಗ್ಸ್ ಕೋರ್ಟಿನ ಪದ್ಧತಿ. ಮಾರಿಯೋ ಚುಚ್ಚಿಕೊಂಡೋ ಸಿಕ್ಕಿಬಿದ್ದವರಲ್ಲಿ ಕೆಲವರಿಗೆ ವರ್ಷಗಟ್ಟಲೆ ಜೈಲಿನ ಬದಲು ಹದಿನೆಂಟು ತಿಂಗಳು ಹೀಗೆ ಬಣ್ಣ ಕೇಳಿಕೊಂಡು ಬದುಕುವ ಅವಕಾಶ ಕೊಡುತ್ತಾರೆ. ಕೇಳಲು ಸುಲಭ ಅನ್ನಿಸುತ್ತದೆ. ಅರ್ಧಕ್ಕರ್ಧ ಜನ ಪೂರೈಸುವುದಿಲ್ಲ.

ನಾನು ಡೆನ್ಜಿಲ್ ಟೋಲರ್. ಜಿಲ್ಲೆಯ ಪೊಲೀಸು, ಅಂದರೆ ಶೆರಿಫ್ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಡೆಪ್ಯುಟಿಯಾಗಿದ್ದೆ. ವೆಸ್ಟ್ ವರ್ಜೀನಿಯಾದ ಈ ಕಣಿವೆಗಳಿಗೆ ಮೊದಲು ನೋವಿನ ಮಾತ್ರೆ ಬಂತು, ಆಮೇಲೆ ಹೆರಾಯಿನ್ ಬಂತು, ಕೊನೆಗೆ ಉಗುರಿನ ತುದಿಯಷ್ಟಿದ್ದರೆ ಆಳನ್ನು ಮಲಗಿಸುವ ಫೆಂಟನಿಲ್ ಬಂತು. ನಾನು ಹಿಡಿದೆ, ಹಿಡಿದೆ, ಹಿಡಿದವರ ಮಕ್ಕಳನ್ನೂ ಹಿಡಿದೆ. ಮಾಲು ಬರುವುದು ನಿಲ್ಲಲಿಲ್ಲ, ನನ್ನ ಮಂಡಿಗಳು ನಿಂತವು. ನಿವೃತ್ತನಾದೆ.

ಈಗ ನನ್ನ ಪಿಕಪ್ಪಿನಲ್ಲಿ ನಾಲ್ಕು ಜನರನ್ನು ಕೋರ್ಟಿಗೆ ಕರೆದೊಯ್ದು ಕರೆತರುತ್ತೇನೆ. ಅವರ ಲೈಸೆನ್ಸನ್ನು ಸರ್ಕಾರ ಕಿತ್ತುಕೊಂಡಿದೆ, ನಮ್ಮ ಜಿಲ್ಲೆಯಲ್ಲಿ ಬಸ್ಸಿಲ್ಲ, ಆದರೂ ಹತ್ತು ಗಂಟೆಯೊಳಗೆ ಹಾಜರಿರಬೇಕು. ಕಾನೂನು ಬರೆದವರಿಗೆ ಇದು ಹೊಳೆದಿರಲಿಕ್ಕಿಲ್ಲ. ನನಗ್ಯಾಕೆ ಈ ಉಸಾಬರಿ ಎಂದು ಹೆಂಡತಿ ಕೇಳಿದಾಗ, "ಮನೇಲಿ ಕೂತ್ರೆ ನಿನ್ನ ಜೊತೆ ಜಗಳ ಆಡ್ತೀನಿ" ಎಂದಿದ್ದೆ. "ಹಾಗಾದ್ರೆ ದಿನಾ ಹೋಗು, ಎರಡು ಸಲ ಹೋಗು" ಎಂದಿದ್ದಳು.

ಆ ನಾಲ್ವರಲ್ಲಿ ಒಬ್ಬಳು ಡ್ರೀಮಾ ಎಸ್ಟೆಪ್. ಎರಡು ವರ್ಷದ ಹಿಂದೆ ಅವಳನ್ನು ಹಿಡಿದವನೇ ನಾನು. ಹಿಡಿಯುವುದಕ್ಕೆ ಏಳು ವಾರ ಹಿಡಿದಿತ್ತು. ಅವಳ ಮನೆ, ಗಾಲಿಗಳ ಮೇಲಿನ ಒಂದು ಟ್ರೇಲರ್, ಹಳ್ಳದ ಆಚೆಗಿದೆ. ಅಡುಗೆಮನೆ ಕಿಟಕಿಯಿಂದ ಈಚೆ ದಡದ ಮರದವರೆಗೆ ರಾಟೆ ಹಾಕಿದ ಬಟ್ಟೆಹಗ್ಗ. ಗಿರಾಕಿಗಳು ಈಚೆ ದಡದಲ್ಲಿ ನಿಂತು, ಹಗ್ಗಕ್ಕೆ ತೂಗುಹಾಕಿದ ಡಬ್ಬಿಯಲ್ಲಿ ದುಡ್ಡು ಹಾಕಿ ಎಳೆದರೆ, ಆ ಕಡೆಯಿಂದ ಪೊಟ್ಟಣ ಬರುತ್ತಿತ್ತು. ಯಾರೂ ಅವಳ ಮನೆಯ ಹೊಸಿಲು ತುಳಿಯುತ್ತಿರಲಿಲ್ಲ. ಹಗ್ಗದ ಮೇಲೆ ಕೆಂಪು ಟವೆಲ್ ಇದ್ದರೆ ಅಂಗಡಿ ತೆರೆದಿದೆ ಎಂದರ್ಥ. ಧೋ ಎಂದು ಮಳೆ ಸುರಿಯುವಾಗಲೂ ಯಾರೋ ಟವೆಲ್ ಒಣಹಾಕಿದ್ದಾರಲ್ಲ ಎಂದು ಒಂದು ದಿನ ನನಗೆ ಹೊಳೆಯಿತು. ಅಷ್ಟು ಚುರುಕಾದ ತನ್ನ ತಲೆಯನ್ನು ಅವಳು ಬೇರೆ ಯಾವ ವ್ಯಾಪಾರಕ್ಕೆ ಹಾಕಿದ್ದರೂ ಇಷ್ಟು ಹೊತ್ತಿಗೆ ಸ್ವಂತ ಮನೆ ಕಟ್ಟಿರುತ್ತಿದ್ದಳು. ಆದರೆ ಬಂದಿದ್ದೆಲ್ಲ ಅವಳದೇ ತೋಳಿಗೆ ಹೋಗುತ್ತಿತ್ತು.

ಹಿಡಿದ ದಿನ ಅವಳ ಮಗಳು ಹ್ಯಾಡ್ಲಿಗೆ ಐದು ವರ್ಷ. ಮಗುವನ್ನು ಸರ್ಕಾರದವರು ಎರಡು ಗಂಟೆ ದೂರದ ಊರಿನ ಗಂಡಹೆಂಡಿರ ಮನೆಯಲ್ಲಿಟ್ಟರು. ಒಳ್ಳೆಯ ಜನ, ಅದೇ ಡ್ರೀಮಾಳ ಕಷ್ಟ. ಅವರು ಹ್ಯಾಡ್ಲಿಯನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದ್ದರು. ಡ್ರೀಮಾ ಎಂಟು ತಿಂಗಳು ಜೈಲಲ್ಲಿದ್ದು, ಆಮೇಲೆ ಡ್ರಗ್ಸ್ ಕೋರ್ಟಿಗೆ ಬಂದು, ಹದಿನಾಲ್ಕು ತಿಂಗಳಿಂದ ಏನನ್ನೂ ಮುಟ್ಟಿರಲಿಲ್ಲ. ಮಗು ತಾಯಿಗೋ ಆ ದಂಪತಿಗೋ ಎಂದು ಮಾರ್ಚ್ ತಿಂಗಳ ಒಂದು ಶುಕ್ರವಾರ ಇನ್ನೊಬ್ಬ ಜಡ್ಜ್ ತೀರ್ಮಾನ ಮಾಡುವುದಿತ್ತು.

ಆ ವಾರದ ಬುಧವಾರ ನೀಲಿ ಬಂತು. ನೀಲಿ ಅವಳ ಬಣ್ಣ.

ದಿನದ ಬಣ್ಣ ನಾನೂ ಫೋನ್ ಮಾಡಿ ಕೇಳುತ್ತೇನೆ. ಎಂಟು ಗಂಟೆಗೆ ಹಳ್ಳದ ಬಳಿ ಗಾಡಿ ನಿಲ್ಲಿಸಿದೆ. ಅವಳು ಕಾಲುಸಂಕದ ಮೇಲೆ ಓಡೋಡಿ ಬಂದಳು.

"ಡೆಪ್ಟಿ, ದೊಡ್ಡ ಎಡವಟ್ಟಾಯ್ತು."

"ಏನು, ಮತ್ತೆ ಟವೆಲ್ ಒಣಹಾಕಿದ್ಯಾ?"

"ತಮಾಷೆ ಬೇಡಿ. ಫೋನ್ ಮಾಡೋದು ಮರ್ತು ಮಲಗಿಬಿಟ್ಟೆ. ಎದ್ದವಳೇ ಒಂದಕ್ಕೆ ಹೋದೆ. ಆಮೇಲೆ ಫೋನ್ ಮಾಡಿದ್ರೆ ನೀಲಿ ಅಂತಾಳೆ ಆ ಮುಂಡೇದು."

"ಅದು ಮಿಷನ್ನು ಕಣೇ, ಬೈಬೇಡ. ಹತ್ತು ಗಂಟೆ ತನಕ ಟೈಮಿದೆ. ಬರುತ್ತೆ ಬಿಡು."

"ನಿಮಗೇನ್ ಗೊತ್ತು? ಎದುರಿಗೆ ಒಬ್ರು ಕಣ್ಣು ಬಿಟ್ಕೊಂಡು ನಿಂತಿದ್ರೆ ನಂಗೆ ಬರೋದೇ ಇಲ್ಲ. ಹೋದ ಚಳಿಗಾಲದಲ್ಲಿ ಮುಕ್ಕಾಲು ಗಂಟೆ ಕೂತಿದ್ದೆ. ಟೆಸ್ಟ್ ಮಾಡೋ ಗ್ಲೆನ್ನಕ್ಕ ಪಾಪ, ನಲ್ಲಿ ಬಿಟ್ಟು, ಸಿಳ್ಳೆ ಹಾಕಿ, ಚಿಕ್ಕ ಮಕ್ಕಳಿಗೆ ಮಾಡೋ ಹಾಗೆ ಎಲ್ಲಾ ಮಾಡಿದ್ರು."

ನಮ್ಮ ಕಡೆ ನಲ್ಲಿ ತಿರುಗಿಸಿದರೆ ತುಕ್ಕಿನ ಬಣ್ಣದ ನೀರು ಬರುತ್ತದೆ. ಗಣಿ ಮುಚ್ಚಿದ ಮೇಲೂ ಅದು ಸರಿಹೋಗಿಲ್ಲ. ಹಾಗಾಗಿ ಎಲ್ಲರ ಗಾಡಿಯಲ್ಲೂ ಬಾಟಲಿ ನೀರಿನ ಒಂದು ಕಟ್ಟು ಬಿದ್ದಿರುತ್ತದೆ. ನನ್ನದು ಅವಳ ಕಾಲ ಬಳಿ ಇತ್ತು. "ಒಂದು ಬಾಟ್ಲಿ ಕುಡಿ. ಒಂದೇ. ಜಾಸ್ತಿ ಕುಡಿದ್ರೆ ಏನಾಗುತ್ತೆ ಗೊತ್ತಲ್ಲ" ಎಂದೆ. ತಲೆಯಾಡಿಸಿದಳು.

ನದಿಯ ತಿರುವಿನಲ್ಲಿ ರೈಲ್ವೆ ಗೇಟು ಬಿದ್ದಿತ್ತು. ನೂರಕ್ಕೂ ಹೆಚ್ಚು ಡಬ್ಬಿಗಳ ಕಲ್ಲಿದ್ದಲು ರೈಲು ದಾರಿಗೆ ಅಡ್ಡ ನಿಂತಿತ್ತು, ಅತ್ತಿತ್ತ ಅಲ್ಲಾಡದೆ. ಪಟ್ಟಣಕ್ಕೆ ಇರುವುದು ಅದೊಂದೇ ದಾರಿ. ಹತ್ತು ನಿಮಿಷ ಕಾದೆವು. ಇಪ್ಪತ್ತಾಯಿತು. ನಾನು ಇಳಿದು, ಕುಂಟಿಕೊಂಡು ಹಳಿಯ ಗುಂಟ ಹೋದೆ. ರೈಲಿನ ಆಳು ಆರ್ವಿಲ್ ಕೈಯಲ್ಲಿ ಕಾಫಿ ಹಿಡಿದು ನಿಂತಿದ್ದ. ಶಾಲೆಯಲ್ಲಿ ನನಗಿಂತ ಒಂದು ಕ್ಲಾಸು ಹಿಂದಿದ್ದವನು.

"ಏನಯ್ಯಾ, ಇಲ್ಲೇ ಸಂಸಾರ ಹೂಡಿದೀರೇನು?"

"ಮುಂದೆ ಸಿಗ್ನಲ್ ಕೊಟ್ಟಿಲ್ಲ. ನಾನೇನು ತಳ್ಳಿಕೊಂಡು ಹೋಗ್ಲಾ?"

"ಹತ್ತು ಗಂಟೆಗೆ ಕೋರ್ಟಲ್ಲಿರ್ಬೇಕು ಮಾರಾಯ."

"ಯಾರು, ನೀನಾ? ಅಂತೂ ಇಂತೂ ಹಿಡಿದ್ರಾ ನಿನ್ನ!"

ಅವನ ಜೊತೆ ಅದೂ ಇದೂ ಮಾತಾಡಿ ವಾಪಸು ಬರುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು. ಒಂಬತ್ತೂಕಾಲಿಗೆ ರೈಲು ಕದಲಿತು. ನಾನು ಒಂದೇ ಉಸಿರಿಗೆ ಓಡಿಸಿದೆ. ಕೋರ್ಟಿನ ಮುಂದೆ ನಿಲ್ಲಿಸಿದಾಗ ಹತ್ತಕ್ಕೆ ಎಂಟು ನಿಮಿಷ ಇತ್ತು. ಅವಳು ಬಾಗಿಲು ತೆಗೆದು ಹಾರಿದಳು. ಹಾರಿದಾಗ ಸೀಟಿನ ಕೆಳಗಿಂದ ಖಾಲಿ ಬಾಟಲಿಗಳು ಉರುಳಿ ಬಂದವು. ಎತ್ತಿ ನೋಡಿದೆ. ಐದು.

ಹದಿನೈದು ನಿಮಿಷ ಬಿಟ್ಟು ನೆಲಮಾಳಿಗೆಗೆ ಇಳಿದೆ. ಪರೀಕ್ಷೆ ಮಾಡುವ ಗ್ಲೆನ್ನಾ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಮುಚ್ಚಳ ಹಾಕಿದ ಲೋಟ. ಅದರೊಳಗಿನದು ನಮ್ಮ ನಲ್ಲಿಯಲ್ಲಿ ಯಾವತ್ತೂ ಬಾರದಷ್ಟು ಸ್ವಚ್ಛವಾಗಿತ್ತು.

"ಇದು ಬರೀ ನೀರು, ಡೆನ್ಜಿಲ್" ಎಂದಳು. "ಅದ್ದಿ ನೋಡೋ ಕಾಗದದ ಪಟ್ಟಿಯಲ್ಲಿ ಮಾಲು ಏನೂ ಕಾಣ್ತಿಲ್ಲ. ಆದ್ರೆ ಇಷ್ಟು ತೆಳ್ಳಗಿದ್ರೆ ಆನೆ ಕರಗಿಸಿ ಕುಡಿದಿದ್ರೂ ಕಾಣಲ್ಲ. ನಾನು ಬರೀಲೇಬೇಕು. ಬರೆದಿದೀನಿ."

ಡ್ರೀಮಾ ಗೋಡೆಗೆ ಒರಗಿ ಕೂತಿದ್ದಳು. ಮಧ್ಯಾಹ್ನ ಒಂದಕ್ಕೆ ವಾರದ ವಿಚಾರಣೆ. ಅಲ್ಲಿಂದ ಸೀದಾ ಜೈಲಿಗೆ ಹೋದರೆ ಶುಕ್ರವಾರ ಮಗಳ ವಿಚಾರಣೆಗೆ ಕೈಕೋಳ ಹಾಕಿಕೊಂಡು, ಜೈಲಿನ ಬಟ್ಟೆಯಲ್ಲಿ ಹೋಗಬೇಕು. ಹಾಗೆ ಹೋದವಳಿಗೆ ಯಾವ ಜಡ್ಜೂ ಮಗುವನ್ನು ಕೊಡುವುದಿಲ್ಲ. ಇದನ್ನು ನಾನು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪಕ್ಕದಲ್ಲಿ ಕೂತು ಅವಳ ಕಣ್ಣು ನೋಡಿದೆ. ಹಳೇ ಚಾಳಿ. ಮಾಲು ಒಳಗಿದ್ದರೆ ಪಾಪೆ ಸೂಜಿಮೊನೆಯಷ್ಟಾಗುತ್ತದೆ; ಅವಳದು ಸರಿಯಾಗಿತ್ತು.

"ನೋಡಿ, ನೋಡಿ" ಎಂದಳು. "ಬೇಕಾದ್ರೆ ತೋಳೂ ತೋರಿಸ್ತೀನಿ."

"ಐದು ಯಾಕೆ ಕುಡ್ದೆ?"

"ಹೆದರಿಕೆಗೆ. ರೈಲು ಹೋಗ್ತಾ ಇಲ್ಲ, ನೀವು ಬರ್ತಾ ಇಲ್ಲ. ಕೈಗೆ ಸಿಕ್ಕಿದ್ದು ಕುಡ್ದೆ. ಮುಂಚೆ ಹೆದರಿಕೆ ಆದಾಗ ಏನು ಮಾಡ್ತಿದ್ದೆ ಅಂತ ನಿಮಗೆ ಗೊತ್ತಲ್ಲ. ಈ ಸಲ ನೀರು ಕುಡ್ದೆ. ಅದೂ ತಪ್ಪಾಯ್ತು. ನನ್ನ ಬುದ್ಧಿಗಿಷ್ಟು."

ನಂಬಬೇಕೋ ಬೇಡವೋ? ಇವಳಿಗಿಂತ ಮುಗ್ಧ ಮುಖ ಹೊತ್ತವರು ನನ್ನೆದುರಿಗೆ ಬೈಬಲ್ ಮುಟ್ಟಿ ಸುಳ್ಳು ಹೇಳಿದ್ದಾರೆ. ಆದರೆ ಇಷ್ಟು ವರ್ಷದಲ್ಲಿ ಒಂದು ಕಂಡುಕೊಂಡಿದ್ದೇನೆ. ಮಾಲು ತೆಗೆದುಕೊಂಡು ಸಿಕ್ಕಿಬಿದ್ದವನು ಮೊದಲು ಲೋಟವನ್ನು ಬೈಯುತ್ತಾನೆ, ಆಮೇಲೆ ಪಟ್ಟಿಯನ್ನು, ಆಮೇಲೆ ಗ್ಲೆನ್ನಾಳನ್ನು. ಡ್ರೀಮಾ ತನ್ನನ್ನು ಬಿಟ್ಟು ಯಾರನ್ನೂ ಬೈಯಲಿಲ್ಲ. ರೈಲನ್ನು ಕೂಡ. ನಾನು ನಂಬಿದೆ. ನಂಬಿದ ಮೇಲೆ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ.

ಜಡ್ಜ್ ಸ್ಪರ್ಲಾಕ್ ಅರವತ್ತು ದಾಟಿದ ಹೆಂಗಸು. ಅವರ ತಂದೆ ಗಣಿಯಲ್ಲಿ ಕೆಲಸ ಮಾಡಿ ಸತ್ತವರು. ಅವರ ಕೋರ್ಟಿನಲ್ಲಿ ಒಬ್ಬೊಬ್ಬರೂ ಎದ್ದು ಎಷ್ಟು ದಿನದಿಂದ ಶುದ್ಧವಾಗಿದ್ದೇನೆ ಎಂದು ಹೇಳಬೇಕು, ಉಳಿದವರೆಲ್ಲ ಚಪ್ಪಾಳೆ ತಟ್ಟಬೇಕು. ನಾಲ್ಕು ದಿನ ಎಂದವನಿಗೂ ಚಪ್ಪಾಳೆಯೇ. ಅವರು ಸಹಿಸದ ಸಂಗತಿ ಒಂದೇ, ಸುಳ್ಳು. ಮಾಲು ತೆಗೆದುಕೊಂಡೆ ಎಂದು ಒಪ್ಪಿಕೊಂಡವನನ್ನು ಚಿಕಿತ್ಸೆಗೆ ಕಳಿಸಿದ್ದನ್ನು ನೋಡಿದ್ದೇನೆ. ಇಲ್ಲವೆಂದು ಸಾಧಿಸಿದವನನ್ನು ಮೂರು ವರ್ಷ ಒಳಗೆ ಹಾಕಿದ್ದನ್ನೂ ನೋಡಿದ್ದೇನೆ.

ಡ್ರೀಮಾಳ ಸರದಿ ಬಂತು. ಎದ್ದು ನಿಂತಳು.

"ನಾನೂರ ಇಪ್ಪತ್ತಾರು ದಿನ" ಎಂದಳು.

ಎರಡು ಮೂರು ಜನ ಚಪ್ಪಾಳೆ ಶುರುಮಾಡಿದರು. ಜಡ್ಜ್ ಕೈಯೆತ್ತಿ ನಿಲ್ಲಿಸಿದರು.

"ಸ್ವಲ್ಪ ತಡೀರಿ. ಇಲ್ಲಿ ಬೇರೆ ಏನೋ ಬರೆದಿದೆ. ಇವತ್ತು ಬೆಳಗ್ಗೆ ಕೊಟ್ಟಿದ್ದು ನೀರಂತೆ. ಏನಮ್ಮಾ ಇದು?"

ಅವಳು ಬಾಯಿ ತೆರೆಯುವ ಮೊದಲೇ ನಾನು ಎದ್ದೆ. "ಮೇಡಂ, ಅದು ನನ್ನ ತಪ್ಪು."

"ಓಹೋ, ಡೆನ್ಜಿಲ್. ನಿಮ್ಮನ್ನ ಯಾರು ಕರೆದ್ರು?"

"ಯಾರೂ ಕರೀಲಿಲ್ಲ. ರೈಲು ಅಡ್ಡ ನಿಂತಿತ್ತು. ಲೇಟಾಗುತ್ತೆ, ಇವಳಿಗೆ ಆಗಲ್ಲ ಅಂತ ನಾನೇ ನೀರು ಕುಡಿಸಿದೆ. ಅವಳು ಬೇಡ ಅಂದ್ಲು. ನಾನೇ ಬಲವಂತ ಮಾಡಿದೆ."

"ಎಷ್ಟು ಬಾಟ್ಲಿ?"

"ಐದು."

"ಐದೂ ನೀವೇ ಕೈಯಾರೆ ಕುಡಿಸಿದ್ರಾ? ನಿಯಮ ಗೊತ್ತಿದ್ದೂ?"

"ಹೌದು. ವಯಸ್ಸಾಯ್ತು ನೋಡಿ, ತಲೆ ಓಡಲಿಲ್ಲ."

ಸಾಚಾ ಮುಖ ಮಾಡಿ ನಿಂತೆ. ಆ ಮುಖ ನನಗೆ ಚೆನ್ನಾಗಿ ಬರುತ್ತದೆ. ಜಡ್ಜ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನನ್ನು ಒಂದಷ್ಟು ಹೊತ್ತು ನೋಡಿ, ಡ್ರೀಮಾಳ ಕಡೆ ತಿರುಗಿದರು.

"ಇವರು ಹೇಳಿದ್ದು ಕೇಳಿಸ್ಕೊಂಡ್ಯಲ್ಲ. ಹೀಗೇ ಆಗಿದ್ದಾ?"

ಹೌದು ಎಂದರೆ ಸಾಕಿತ್ತು. ನಿವೃತ್ತ ಡೆಪ್ಯುಟಿ, ಅವಳನ್ನು ಹಿಡಿದವನೇ, ಎದ್ದು ನಿಂತು ತಪ್ಪು ಹೊತ್ತುಕೊಂಡಿದ್ದಾನೆ. ಇದಕ್ಕಿಂತ ಗಟ್ಟಿ ಸಾಕ್ಷಿ ಆ ಕೋಣೆಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ನಾನು ಕಣ್ಣಲ್ಲೇ ಹೇಳುತ್ತಿದ್ದೆ: ಹೂಂ ಅನ್ನು, ಹೂಂ ಅಂದುಬಿಡು.

ಡ್ರೀಮಾ ನನ್ನನ್ನು ನೋಡಿದಳು.

"ಇಲ್ಲ, ಮೇಡಂ" ಎಂದಳು. "ಇವರು ಸುಳ್ಳು ಹೇಳ್ತಿದಾರೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಒಂದೇ ಕುಡಿ ಅಂತ ಇವರು ಹೇಳಿದ್ರು. ಇವರು ಗಾಡಿ ಇಳಿದು ಹೋದಾಗ ನಾಲ್ಕು ನಾನೇ ಕುಡ್ದೆ. ಯಾರೂ ಕುಡಿಸಲಿಲ್ಲ. ಎದುರಿಗೆ ನಿಂತ್ರೆ ನಂಗೆ ಬರಲ್ಲ, ಅದಕ್ಕೆ ಹೆದರಿ ಕುಡ್ದೆ. ನಿಯಮ ನಂಗೂ ಗೊತ್ತಿತ್ತು. ಆದ್ರೆ ಏನೂ ತಗೊಂಡಿಲ್ಲ ಮೇಡಂ. ನೀವು ನಂಬದೇ ಇದ್ರೂ ಪರವಾಗಿಲ್ಲ, ತಗೊಂಡಿಲ್ಲ."

ಐವತ್ತೊಂಬತ್ತು ವರ್ಷದವನು, ಆ ಕೋರ್ಟಿನಲ್ಲಿ ಎಷ್ಟೋ ಸಲ ಸಾಕ್ಷಿ ಹೇಳಿದವನು, ಕಳ್ಳರ ಗುಂಪಿನ ಎದುರು ಸುಳ್ಳುಗಾರನಾಗಿ ನಿಂತಿದ್ದೆ.

ಜಡ್ಜ್ ಕನ್ನಡಕ ಮತ್ತೆ ಹಾಕಿಕೊಂಡರು. "ಡೆನ್ಜಿಲ್, ನಿಮ್ಮ ವಿಷಯ ಆಮೇಲೆ ನೋಡ್ಕೋತೀನಿ." ಡ್ರೀಮಾಳಿಗೆ ಹೇಳಿದರು: "ಎರಡು ವರ್ಷದ ಹಿಂದೆ ಇಂಥ ಸುಳ್ಳು ಯಾರಾದ್ರೂ ಕೊಟ್ಟಿದ್ರೆ ಬಾಚ್ಕೊಂಡು ಹೋಗ್ತಿದ್ದೆ ನೀನು. ಮೂರು ದಿನ ಜೈಲು ಅಂತ ನಿಯಮ ಇದೆ. ಕಾರಣ ಕಂಡ್ರೆ ಅದೇ ದಿನ ಇನ್ನೊಂದು ಸಲ ಪರೀಕ್ಷೆ ಮಾಡಿಸಬಹುದು ಅಂತಲೂ ಇದೆ. ನನಗೆ ಈಗ ಕಾರಣ ಕಂಡಿದೆ. ನಾಲ್ಕೂವರೆ ತನಕ ಈ ಕಟ್ಟಡ ಬಿಟ್ಟು ಹೋಗೋ ಹಾಗಿಲ್ಲ. ಒಂದು ಹನಿ ಏನೂ ಕುಡಿಯೋ ಹಾಗಿಲ್ಲ. ಆಮೇಲೆ ಗ್ಲೆನ್ನಾ ನೋಡ್ತಾರೆ. ಡೆನ್ಜಿಲ್, ನೀವೂ ಅವಳ ಪಕ್ಕದಲ್ಲೇ ಕೂರಿ. ನಿಮಗೂ ಕಾಫಿ ಇಲ್ಲ."

ಕಾರಿಡಾರಿನ ಬೆಂಚಿನಲ್ಲಿ ಕೂತೆವು. ಎದುರಿಗೆ ಕಾಫಿ ಮಿಷನ್ನು. ಮೊದಲ ಒಂದು ಗಂಟೆ ನಾನು ಅದನ್ನೇ ದುರುಗುಟ್ಟಿ ನೋಡುತ್ತಿದ್ದೆ.

"ಕೋಪ ಬಂತಾ?" ಎಂದಳು.

"ಕೋಪ ಅಲ್ಲ. ಮಗು ನಿಂಗೆ ಬೇಕೋ ಬೇಡ್ವೋ? ಹೂಂ ಅನ್ನೋಕೇನಾಗಿತ್ತು?"

"ನೀವು ನನ್ನ ಕೇಸಲ್ಲಿ ಸುಳ್ಳು ಹೇಳಿದ್ದು ಇದೇ ಮೊದಲಲ್ಲ, ಡೆಪ್ಟಿ."

ನಾನು ತಿರುಗಿ ನೋಡಿದೆ.

"ಡಬ್ಬಿಯಲ್ಲಿ ನನ್ನ ಕೈ ನೋಡಿದೆ ಅಂತ ಸಾಕ್ಷಿ ಹೇಳಿದ್ರಿ. ಅವತ್ತು ಕಿಟಕಿಗೆ ಪರದೆ ಹಾಕಿತ್ತು. ಹಗ್ಗ ಕಾಣ್ತಿತ್ತು, ಡಬ್ಬಿ ಕಾಣ್ತಿತ್ತು. ಕೈ ಕಾಣ್ತಿರಲಿಲ್ಲ."

ಅದು ನಿಜ. ಕೇಸು ಗಟ್ಟಿಯಾಗಲಿ ಎಂದು ಒಂದಿಷ್ಟು ತೇಪೆ ಹಾಕಿದ್ದೆ. ಆ ಕಾಲದಲ್ಲಿ ನಾವೆಲ್ಲ ಹಾಕುತ್ತಿದ್ದೆವು. ಯಾರೂ ಕೇಳುತ್ತಿರಲಿಲ್ಲ.

"ಕೈ ನಿಂದೇ ಅಲ್ವಾ?" ಎಂದೆ.

"ನಂದೇ. ಅದಕ್ಕೇ ನಾನೂ ಬಾಯಿಬಿಡಲಿಲ್ಲ. ಆದ್ರೆ ಜೈಲಲ್ಲಿ ಎಂಟು ತಿಂಗಳು ಅದೇ ಹಿಡ್ಕೊಂಡು ಕೂತಿದ್ದೆ. ನಾನು ಮಾರಿದ್ದು ಮರ್ತೇ ಹೋಗಿತ್ತು, ನೀವು ಸುಳ್ಳು ಹೇಳಿದ್ದು ಮಾತ್ರ ನೆನಪಿತ್ತು. ಆ ಡೆಪ್ಟಿ ಸುಳ್ಳ, ಆ ಡೆಪ್ಟಿ ಸುಳ್ಳ ಅಂತ. ಅದನ್ನೇ ನೆಪ ಮಾಡ್ಕೊಂಡು ಎಷ್ಟು ಮಾತ್ರೆ ನುಂಗಬಹುದಿತ್ತು ಗೊತ್ತಾ? ಇವತ್ತು ನಿಮ್ಮ ಸುಳ್ಳಿಗೆ ಹೂಂ ಅಂದು ಹ್ಯಾಡ್ಲಿನ ಕರ್ಕೊಂಡು ಬಂದೆ ಅಂತಿಟ್ಕೊಳ್ಳಿ. ಮುಂದಿನ ಸಲ ಹೆದರಿಕೆ ಆದಾಗ ನಂಗೆ ಮೊದಲು ನೆನಪಾಗೋದು ಆ ಸುಳ್ಳೇ, ಮತ್ತೆ ಅದೇ ನೆಪ."

"ತಪ್ಪಾಯ್ತು" ಎಂದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಹಿಡಿದ ಯಾರಿಗೂ ಆ ಮಾತು ಹೇಳಿರಲಿಲ್ಲ.

"ಯಾವುದಕ್ಕೆ, ಅವತ್ತಿಂದಕ್ಕಾ ಇವತ್ತಿಂದಕ್ಕಾ?"

"ಎರಡಕ್ಕೂ ಸೇರಿಸಿ ತಗೋ."

"ಸರಿ" ಎಂದಳು. ಆಮೇಲೆ, "ಬಾಯಿ ಒಣಗ್ತಿದೆ ಡೆಪ್ಟಿ" ಎಂದಳು.

"ಒಣಗಲಿ. ಒಳ್ಳೇದೇ."

ನಾಲ್ಕೂವರೆಗೆ ಗ್ಲೆನ್ನಾ ಕರೆದಳು. ನಾನು ಮೆಟ್ಟಿಲ ಮೇಲೆ ಕಾದೆ. ಐದು ನಿಮಿಷ. ಹತ್ತು. ಒಳಗೆ ಯಾರೋ ಸಿಳ್ಳೆ ಹಾಕುವುದು ಕೇಳಿಸಿತು. ಸಿಳ್ಳೆ ನಿಂತಿತು. ಮತ್ತೆ ಶುರುವಾಯಿತು. ಇನ್ನು ಮುಗಿಯಿತು ಕಥೆ ಎಂದುಕೊಳ್ಳುವಷ್ಟರಲ್ಲಿ ಡ್ರೀಮಾ ಜೋರಾಗಿ ಹೇಳುವುದು ಕೇಳಿಸಿತು: "ಅಕ್ಕಾ, ನೀವು ದಯವಿಟ್ಟು ಆ ಹಾಡು ನಿಲ್ಲಿಸಿ, ನಗು ಬರ್ತಿದೆ!" ಇಬ್ಬರೂ ನಕ್ಕರು. ನಗುವಿನಲ್ಲಿ ಹೆದರಿಕೆ ಸಡಿಲವಾಗಿರಬೇಕು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು.

ಗ್ಲೆನ್ನಾ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದಪ್ಪಾ ಮನುಷ್ಯರದ್ದು" ಎಂದಳು. ಪಟ್ಟಿ ಅದ್ದಿ, ಗಡಿಯಾರ ನೋಡುತ್ತಾ ನಿಂತಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು. "ಏನೂ ಇಲ್ಲ. ಒಂದೂ ಇಲ್ಲ. ಹೋಗಿ, ಇಬ್ಬರೂ ಹೋಗಿ ಏನಾದ್ರೂ ಕುಡೀರಿ."

ನನ್ನ ವಿಷಯವನ್ನು ಜಡ್ಜ್ ಮರೆಯಲಿಲ್ಲ. ಮರುದಿನ ಕರೆಸಿ, ಬಾಗಿಲು ಮುಚ್ಚಿ ಬೈದರು. ನಾನು ಪರದೆಯ ಸಂಗತಿಯನ್ನೂ ಹೇಳಿಬಿಟ್ಟೆ. ಅವರು ಒಂದು ಹಾಳೆ ನನ್ನ ಮುಂದೆ ತಳ್ಳಿ, ಅದನ್ನು ಬರೆದು ಸಹಿ ಹಾಕಿ ಕೊಡಿ ಎಂದರು. ಬರೆದುಕೊಟ್ಟೆ. ಅದರಿಂದ ನನಗೇನಾಗುತ್ತದೋ ಇನ್ನೂ ಗೊತ್ತಿಲ್ಲ. ನನ್ನ ಹಳೆಯ ಕೇಸುಗಳನ್ನು ಕೆದಕುತ್ತಾರಂತೆ. ಕೆದಕಲಿ.

ಶುಕ್ರವಾರ ಡ್ರೀಮಾ ಅಂಗಡಿಯಿಂದ ತಂದ ಹೊಸ ಅಂಗಿ ಹಾಕಿಕೊಂಡು ಇನ್ನೊಬ್ಬ ಜಡ್ಜ್ ಎದುರು ನಿಂತಳು. ಬುಧವಾರ ಏನಾಯಿತೆಂದು ಸ್ಪರ್ಲಾಕ್ ಎರಡು ಸಾಲು ಬರೆದು ಕಳಿಸಿದ್ದರು. ನೀರಿನ ವಿಷಯವೂ ಅದರಲ್ಲಿತ್ತು, ಅವಳು ಹೇಳಿದ ಮಾತೂ ಇತ್ತು. ಆ ಜಡ್ಜ್ ಅದನ್ನು ಎರಡು ಸಲ ಓದಿದರು. ಮೂರು ತಿಂಗಳು ಮಗು ತಾಯಿಯ ಬಳಿ ಇರಲಿ, ಸರ್ಕಾರದವರು ವಾರ ವಾರ ಬಂದು ನೋಡುತ್ತಾರೆ, ಆಮೇಲೆ ಪೂರ್ತಿ ತೀರ್ಮಾನ ಎಂದರು. ಸಾಕಿಕೊಂಡಿದ್ದ ಹೆಂಗಸು ಅತ್ತಳು. ಡ್ರೀಮಾ ಹೋಗಿ ಅವಳ ಕೈ ಹಿಡಿದು, ಹ್ಯಾಡ್ಲಿ ಭಾನುವಾರಗಳಲ್ಲಿ ಫೋನ್ ಮಾಡುತ್ತಾಳೆ ಎಂದು ಹೇಳಿದಳು.

ಮಗುವನ್ನು ಕರೆತರಲು ನನ್ನ ಪಿಕಪ್ಪಿನಲ್ಲಿ ಆ ದಂಪತಿಯ ಊರಿಗೆ ಹೋದೆವು. ಹ್ಯಾಡ್ಲಿಗೆ ಈಗ ಏಳು ವರ್ಷ, ಮುಂದಿನ ಎರಡು ಹಲ್ಲಿಲ್ಲ. ಒಂದು ಚೀಲ ಬಟ್ಟೆ, ಜೊತೆಗೆ ಶಾಲೆಗೆಂದು ರಟ್ಟಿನ ಮೇಲೆ ಮಾಡಿದ ಸೌರಮಂಡಲ. ಬಾಗಿಲಷ್ಟು ಅಗಲದ ರಟ್ಟು. ಹಿಂದೆ ಇಡೋಣವೆಂದರೆ ಗಾಳಿಗೆ ಹಾರುತ್ತದೆ ಎಂದು ಮಗು ಕೇಳಲಿಲ್ಲ. ಕೊನೆಗೆ ಮೂವರೂ ಮುಂದೆ ಒತ್ತಿಕೊಂಡು ಕೂತು, ರಟ್ಟನ್ನು ಅವರಿಬ್ಬರ ತೊಡೆಗಳ ಮೇಲೆ ಅಡ್ಡ ಇಟ್ಟೆವು. ಶನಿಗ್ರಹದ ಬಳೆ ನನ್ನ ಮೊಣಕೈಗೆ ಚುಚ್ಚುತ್ತಿತ್ತು.

"ಇವರು ಯಾರಮ್ಮಾ?" ಎಂದಿತು ಮಗು.

"ಡೆಪ್ಟಿ. ನನ್ನ ಹಿಡಿದವರು."

ಮಗು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗುಂಡೀಲಿ ನಿಧಾನ ಹೋಗಿ. ಗುರುಗ್ರಹದ ಬಣ್ಣ ಇನ್ನೂ ಒಣಗಿಲ್ಲ" ಎಂದಿತು.

ಎರಡು ಗಂಟೆಯ ದಾರಿಗೆ ಮೂರೂಕಾಲು ಗಂಟೆ ಹಿಡಿಯಿತು.